ಜ್ವರ ಬಂದ ದಿನವೂ ಇನ್ಸುಲಿನ್ ನಿಲ್ಲಬಾರದು

ಮುಂಗಾರು ಹಿಡಿದ ಮೇಲೆ ಪೂರ್ವ ಬೆಂಗಳೂರಿನ ಗರುಡಾಚಾರ್‌ಪಾಳ್ಯದ ಕ್ಲಿನಿಕ್‌ಗಳಲ್ಲಿ ಸಂಜೆ ಹೊತ್ತು ಕೂರಲು ಕುರ್ಚಿ ಸಿಗುವುದು ಕಷ್ಟ. ಶಾಲೆ ಶುರುವಾಗಿ ಕೆಲವೇ ವಾರಗಳಲ್ಲಿ ಒಂದು ಮಗುವಿನ ನೆಗಡಿ ತರಗತಿಗೆಲ್ಲ ಹಬ್ಬಿರುತ್ತದೆ. ಅಲ್ಲಿಂದ ಅದು ಅಪಾರ್ಟ್‌ಮೆಂಟಿನ ಆಟದ ಅಂಗಳಕ್ಕೆ, ವಠಾರದ ಮನೆಗಳಿಗೆ, ಅಂಗನವಾಡಿಗೆ ಹೋಗುತ್ತದೆ. ಬಹುಪಾಲು ಮಕ್ಕಳು ಮೂರು ದಿನ ಮಲಗಿ ನಾಲ್ಕನೇ ದಿನ ಎದ್ದು ಓಡಾಡುತ್ತಾರೆ. ಟೈಪ್ 1 ಮಧುಮೇಹ ಇರುವ ಮಗುವಿನ ಮನೆಯಲ್ಲಿ ಮಾತ್ರ ಅದೇ ಜ್ವರದ ಲೆಕ್ಕ ಬೇರೆ. ಅಲ್ಲಿ ಆ ದಿನ ಮನೆಯ ಹಿರಿಯರು ಯಾರಾದರೂ ಒಂದು ಮಾತು ಹೇಳಿಯೇ ಹೇಳುತ್ತಾರೆ: "ಬೆಳಿಗ್ಗೆಯಿಂದ ಮಗು ಒಂದು ತುತ್ತೂ ತಿಂದಿಲ್ಲ ಕಣಮ್ಮ, ಇವತ್ತು ಸೂಜಿ ಬೇಡ ಬಿಡು."

ಕಕ್ಕುಲತೆಯ ಮಾತು ಅದು. ಕೇಳಿದರೆ ಸರಿ ಎಂದೇ ಅನಿಸುತ್ತದೆ. ಆದರೆ ಟೈಪ್ 1 ಮಗುವಿನ ವಿಷಯದಲ್ಲಿ ಇದಕ್ಕಿಂತ ಅಪಾಯದ ಸಲಹೆ ಇನ್ನೊಂದಿಲ್ಲ.

ಇನ್ಸುಲಿನ್ ಅಂದರೆ ಊಟವನ್ನು ಅರಗಿಸುವ ಔಷಧ ಎಂಬ ತಿಳಿವಳಿಕೆಯಿಂದ ಈ ತಪ್ಪು ಹುಟ್ಟುತ್ತದೆ. ಊಟ ಇಲ್ಲದಿದ್ದರೂ ದೇಹಕ್ಕೆ ಗಂಟೆ ಗಂಟೆಗೂ ಸ್ವಲ್ಪ ಇನ್ಸುಲಿನ್ ಬೇಕೇ ಬೇಕು. ಯಕೃತ್ತು ಮೈಯೊಳಗಿನ ಕಣಜ; ಉಪವಾಸವಿದ್ದಾಗ ಅದು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಎಷ್ಟು ಬಿಡಬೇಕು, ಎಲ್ಲಿ ತಡೆಯಬೇಕು ಎಂಬ ಹಿಡಿತ ಇನ್ಸುಲಿನ್‌ನದು. ಜ್ವರ ಬಂದಾಗ ಸೋಂಕಿನ ಜೊತೆ ಸೆಣಸಲು ದೇಹ ಕಾರ್ಟಿಸಾಲ್, ಅಡ್ರಿನಲಿನ್, ಗ್ಲುಕಗಾನ್‌ಗಳಂಥ ಹಾರ್ಮೋನುಗಳನ್ನು ಹೆಚ್ಚು ಸುರಿಸುತ್ತದೆ. ಅವು ಸಕ್ಕರೆಯನ್ನು ಇನ್ನಷ್ಟು ಹೊರಗೆಳೆಯುತ್ತವೆ, ಇನ್ಸುಲಿನ್‌ನ ಕೆಲಸಕ್ಕೆ ಅಡ್ಡಗಾಲು ಹಾಕುತ್ತವೆ. ಹಾಗಾಗಿ ಏನೂ ತಿನ್ನದೆ ಮಲಗಿದ ಮಗುವಿನ ಶುಗರ್ ಕೂಡ 300, 350ಕ್ಕೆ ಏರುತ್ತದೆ. ಬಹಳಷ್ಟು ಸಲ ಜ್ವರದ ದಿನಗಳಲ್ಲಿ ಮಾಮೂಲಿಗಿಂತ ಹೆಚ್ಚು ಇನ್ಸುಲಿನ್ ಬೇಕಾಗುತ್ತದೆ.

ಅದೇ ಹೊತ್ತಿಗೆ ಸೂಜಿಯನ್ನೂ ನಿಲ್ಲಿಸಿದರೆ? ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ಜೀವಕೋಶಗಳಿಗೆ ಅದು ದಕ್ಕುವುದಿಲ್ಲ. ದೇಹ ಕೊಬ್ಬನ್ನು ಕರಗಿಸಿ ಉರಿಸತೊಡಗುತ್ತದೆ. ಅದರಿಂದ ಕೀಟೋನ್ ಎಂಬ ಆಮ್ಲೀಯ ವಸ್ತುಗಳು ಹುಟ್ಟಿ ರಕ್ತದಲ್ಲಿ ಶೇಖರವಾಗುತ್ತವೆ. ಮೊದಲು ಬಾಯಾರಿಕೆ, ಪದೇ ಪದೇ ಮೂತ್ರ. ಆಮೇಲೆ ಹೊಟ್ಟೆನೋವು, ವಾಂತಿ. ಕೊನೆಗೆ ಆಳವಾದ ವೇಗದ ಉಸಿರಾಟ, ಉಸಿರಿನಲ್ಲಿ ಕೊಳೆತ ಹಣ್ಣಿನಂಥ ವಾಸನೆ, ಮಂಪರು. ವೈದ್ಯರು ಇದನ್ನು ಕೀಟೋಅಸಿಡೋಸಿಸ್ ಎನ್ನುತ್ತಾರೆ, ಆಸ್ಪತ್ರೆಯಲ್ಲಿ ಡಿಕೆಎ ಎಂಬ ಮೂರಕ್ಷರವೇ ಬಳಕೆ. ಮಗು ಚಿಕ್ಕದಾದಷ್ಟೂ ಇದು ಬೇಗ ಬಿಗಡಾಯಿಸುತ್ತದೆ. ಬೆಳಿಗ್ಗೆ ಬರೀ ನೆಗಡಿ ಇದ್ದ ಮಗು ರಾತ್ರಿಯೊಳಗೆ ಐಸಿಯು ಸೇರುವುದುಂಟು.

ಇನ್ಸುಲಿನ್ ಚರಿತ್ರೆಯ ಮೊದಲ ಪುಟದಲ್ಲೇ ಸೋಂಕಿನ ಕಥೆಯೂ ಇದೆ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ಜನರಲ್ ಆಸ್ಪತ್ರೆಯಲ್ಲಿ ಮೊದಲ ಇನ್ಸುಲಿನ್ ಚುಚ್ಚುಮದ್ದು ಪಡೆದವನು ಲಿಯೊನಾರ್ಡ್ ಥಾಂಪ್ಸನ್, ಹದಿನಾಲ್ಕು ವರ್ಷದ ಹುಡುಗ. ಕೆಲವೇ ವಾರಗಳ ಆಯುಸ್ಸು ಎನ್ನುವಂತಿದ್ದವನು ಹದಿಮೂರು ವರ್ಷ ಬದುಕಿದ. 1935ರಲ್ಲಿ ಅವನ ಪ್ರಾಣ ತೆಗೆದದ್ದು ನ್ಯುಮೋನಿಯಾ. ಅಂದು ಮನೆಯಲ್ಲೇ ಶುಗರ್ ನೋಡುವ ಮೀಟರ್ ಇರಲಿಲ್ಲ, ಆ್ಯಂಟಿಬಯಾಟಿಕ್ ಇರಲಿಲ್ಲ. ಇಂದು ಎರಡೂ ಇವೆ. ಕೊರತೆ ಇರುವುದು ಜ್ವರದ ದಿನ ಏನು ಮಾಡಬೇಕೆಂಬ ಸ್ಪಷ್ಟ ಸೂಚನೆ ಮನೆಯಲ್ಲಿ ಇಲ್ಲದಿರುವುದರಲ್ಲಿ.

ಮೀಟರ್, ಸ್ಟ್ರಿಪ್, ಗಡಿಯಾರ

ಮಗುವಿಗೆ ಮೈ ಬಿಸಿಯಾಗಿದೆ ಎಂದು ಗೊತ್ತಾದ ಗಳಿಗೆಯಿಂದ ಶುಗರ್ ನೋಡುವ ಕ್ರಮ ಬದಲಾಗಬೇಕು. ಎರಡರಿಂದ ನಾಲ್ಕು ಗಂಟೆಗೊಮ್ಮೆ, ರಾತ್ರಿಯೂ ಸೇರಿ. ಮಗು ನಿದ್ದೆಯಲ್ಲಿದೆ, ಎಬ್ಬಿಸುವುದು ಬೇಡ ಎಂದು ಬೆಳಗಿನವರೆಗೆ ಬಿಡಬಾರದು; ಮಲಗಿದ್ದಂತೆಯೇ ಬೆರಳು ಚುಚ್ಚಿ ನೋಡಬಹುದು. ಅದಕ್ಕೆ ಮೊದಲು ಬೆರಳನ್ನು ನೀರಿನಲ್ಲಿ ತೊಳೆದು ಒರೆಸಬೇಕು. ಒಆರ್‌ಎಸ್ ಅಥವಾ ಮೂಸಂಬಿ ರಸ ಅಂಟಿದ ಬೆರಳು ಇಲ್ಲದ ಶುಗರನ್ನು ತೋರಿಸುತ್ತದೆ.

ಶುಗರ್ ಜೊತೆಗೇ ಕೀಟೋನ್ ನೋಡಬೇಕು. ಬಹಳ ಮನೆಗಳಲ್ಲಿ ಇದೇ ಬಿಟ್ಟುಹೋಗುತ್ತದೆ. ಎರಡು ದಾರಿ ಇವೆ. ಮೂತ್ರದ ಸ್ಟ್ರಿಪ್ ಅಗ್ಗ. ಅದ್ದಿ ತೆಗೆದರೆ ಬಣ್ಣ ತೆಳು ಗುಲಾಬಿಯಿಂದ ಕಡು ನೇರಳೆಗೆ ತಿರುಗುತ್ತದೆ. ಆದರೆ ಅದು ಹೇಳುವುದು ಕೆಲವು ಗಂಟೆ ಹಿಂದಿನ ಸ್ಥಿತಿಯನ್ನು, ಡಬ್ಬಿಯ ಮುಚ್ಚಳ ತೆಗೆದ ಮೇಲೆ ಸ್ಟ್ರಿಪ್‌ಗಳು ಬೇಗ ಕೆಡುತ್ತವೆ ಕೂಡ. ರಕ್ತದ ಕೀಟೋನ್ ಮೀಟರ್ ದುಬಾರಿಯಾದರೂ ಈ ಕ್ಷಣದ ಸ್ಥಿತಿಯನ್ನು ಅಂಕಿಯಲ್ಲಿ ಹೇಳುತ್ತದೆ. 0.6ಕ್ಕಿಂತ ಕಡಿಮೆ ಇದ್ದರೆ ಸರಿ. 0.6ರಿಂದ 1.5 ಇದ್ದರೆ ಹೆಚ್ಚು ನೀರು, ಡಾಕ್ಟರ್ ಬರೆದುಕೊಟ್ಟಂತೆ ಹೆಚ್ಚುವರಿ ಇನ್ಸುಲಿನ್, ಎರಡು ಗಂಟೆ ಬಿಟ್ಟು ಮತ್ತೆ ಪರೀಕ್ಷೆ. 1.5 ದಾಟಿತೆಂದರೆ ಡಾಕ್ಟರಿಗೆ ಫೋನ್ ಮಾಡಲು ತಡಮಾಡಬಾರದು. 3 ಮುಟ್ಟಿದರೆ ಫೋನಿಗೂ ಕಾಯದೆ ಆಸ್ಪತ್ರೆಗೆ ಹೊರಡಬೇಕು. ಶುಗರ್ 180 ಇದೆ, ಪರವಾಗಿಲ್ಲ ಎಂದು ಕೀಟೋನ್ ಪರೀಕ್ಷೆ ಬಿಡುವುದೂ ತಪ್ಪು. ವಾಂತಿಯಾಗುತ್ತಿರುವ, ಏನೂ ತಿನ್ನದ ಮಗುವಿನಲ್ಲಿ ಶುಗರ್ ಅಷ್ಟೇನೂ ಏರದೆ ಕೀಟೋನ್ ಮಾತ್ರ ಏರಬಹುದು.

ಇನ್ಸುಲಿನ್ ವಿಷಯದಲ್ಲಿ ಎರಡನ್ನು ಬೇರೆ ಬೇರೆಯಾಗಿ ಯೋಚಿಸಬೇಕು. ದಿನಕ್ಕೊಮ್ಮೆಯೋ ಎರಡು ಬಾರಿಯೋ ಕೊಡುವ ದೀರ್ಘಾವಧಿಯ ಇನ್ಸುಲಿನ್ ಊಟಕ್ಕೆ ಸೇರಿದ್ದಲ್ಲ. ಮಗು ತಿನ್ನಲಿ ಬಿಡಲಿ ಅದು ನಿಲ್ಲುವಂತಿಲ್ಲ. ಊಟಕ್ಕೆ ಮುಂಚಿನ ಇನ್ಸುಲಿನ್ ಮಾತ್ರ ಎಷ್ಟು ತಿಂದಿದೆ ಎಂಬುದಕ್ಕೆ ತಕ್ಕಂತೆ ಹೆಚ್ಚು ಕಡಿಮೆಯಾಗುತ್ತದೆ. ಮಗು ಎಷ್ಟು ತಿನ್ನುತ್ತದೋ ತಿಳಿಯದಿದ್ದಾಗ ಅದನ್ನು ಊಟವಾದ ತಕ್ಷಣ ಕೊಡಲು ಕೆಲವು ವೈದ್ಯರು ಹೇಳಿರುತ್ತಾರೆ. ಎರಡೂ ಬೆರೆಸಿದ ಮಿಕ್ಸ್ ಇನ್ಸುಲಿನ್ ಬಳಸುವ ಮನೆಗಳಿಗೆ ಜ್ವರದ ದಿನ ಹೆಚ್ಚು ಕಷ್ಟ, ಏಕೆಂದರೆ ಒಂದನ್ನು ಹಾಗೇ ಇಟ್ಟು ಇನ್ನೊಂದನ್ನು ಬದಲಿಸಲು ಬರುವುದಿಲ್ಲ. ಅಂಥವರು ಆರೋಗ್ಯವಾಗಿರುವಾಗಲೇ ಡಾಕ್ಟರನ್ನು ಕೇಳಿ, ತುರ್ತಿಗೆಂದು ಬೇಗ ಕೆಲಸ ಮಾಡುವ ಇನ್ಸುಲಿನ್‌ನ ಒಂದು ಬಾಟಲಿಯನ್ನು ಬೇರೆಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಹೆಚ್ಚುವರಿ ಎಂದರೆ ಎಷ್ಟು? ಶುಗರ್, ಕೀಟೋನ್ ಎರಡೂ ಹೆಚ್ಚಿದ್ದಾಗ ದಿನದ ಒಟ್ಟು ಇನ್ಸುಲಿನ್‌ನ ಹತ್ತನೇ ಒಂದು ಭಾಗವನ್ನು ಬೇಗ ಕೆಲಸ ಮಾಡುವ ಬಗೆಯಲ್ಲಿ ಕೊಟ್ಟು, ಎರಡರಿಂದ ನಾಲ್ಕು ಗಂಟೆ ಬಿಟ್ಟು ಮತ್ತೆ ನೋಡುವುದು ಸಾಮಾನ್ಯ ಪದ್ಧತಿ. ಇಡೀ ದಿನಕ್ಕೆ ಒಟ್ಟು 20 ಯೂನಿಟ್ ತೆಗೆದುಕೊಳ್ಳುವ ಮಗುವಿಗೆ ಅದು 2 ಯೂನಿಟ್. ವಯಸ್ಸು, ತೂಕ, ಕೀಟೋನ್ ಮಟ್ಟಕ್ಕೆ ತಕ್ಕಂತೆ ಇದು ಬದಲಾಗುವುದರಿಂದ ನಿಮ್ಮ ಮಗುವಿನ ಅಂಕಿಯನ್ನು ನಿಮ್ಮ ಡಾಕ್ಟರೇ ಬರೆದುಕೊಡಬೇಕು. ಲೇಖನ ಓದಿ ಡೋಸ್ ನಿರ್ಧರಿಸಬಾರದು.

ಇಲ್ಲಿ ಒಂದು ಎಚ್ಚರಿಕೆ. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್‌ನದು, ಅದರ ಸಿರಿಂಜಿನ ಮುಚ್ಚಳ ಕೆಂಪು. ಪೆನ್ನಿನ ಕಾರ್ಟ್ರಿಜ್ 100 ಯೂನಿಟ್‌ನದು. ಆ ಅಳತೆಯ ಸಿರಿಂಜಿಗೆ ಕಿತ್ತಳೆ ಬಣ್ಣದ ಮುಚ್ಚಳ. ಪೆನ್ನು ಕೆಟ್ಟಿತೆಂದು ನಡುರಾತ್ರಿ ಕಾರ್ಟ್ರಿಜ್‌ನಿಂದ ಕೆಂಪು ಮುಚ್ಚಳದ ಸಿರಿಂಜಿಗೆ ಎಳೆದರೆ ಮಗುವಿನ ಮೈಗೆ ಎರಡೂವರೆ ಪಟ್ಟು ಇನ್ಸುಲಿನ್ ಹೋಗುತ್ತದೆ. ಗಾಬರಿಯಲ್ಲಿ ಆಗುವ ತಪ್ಪು ಇದು. ಎಳೆಯುವ ಮುಂಚೆ ಇನ್ಸುಲಿನ್‌ನ ಅಳತೆಗೂ ಸಿರಿಂಜಿನ ಅಳತೆಗೂ ಹೊಂದುತ್ತದೆಯೇ ಎಂದು ನೋಡಿದರೆ ಇದನ್ನು ತಡೆಯಬಹುದು.

ವಾಂತಿ ಭೇದಿಯಾದರೆ

ನೆಗಡಿ, ಗಂಟಲುನೋವಿನ ಜ್ವರದಲ್ಲಿ ಶುಗರ್ ಏರುತ್ತದೆ ಎಂದೆವು. ಹೊಟ್ಟೆಗೆ ತಗಲುವ ವೈರಸ್‌ನ ದಾರಿ ಬೇರೆ. ರೋಟಾ, ನೋರೋ ವೈರಸ್‌ಗಳಿಂದ ವಾಂತಿ ಭೇದಿ ಶುರುವಾದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ಆಗ ಅದೇ ಡೋಸ್ ಹೆಚ್ಚಾಗಿ ಶುಗರ್ ಇಳಿಯಬಹುದು. ಈ ಸ್ಥಿತಿಯಲ್ಲಿ ಇನ್ಸುಲಿನ್ ಕಡಿಮೆ ಮಾಡಬೇಕಾಗಬಹುದು, ಆದರೆ ಆಗಲೂ ಪೂರ್ತಿ ನಿಲ್ಲಿಸುವುದಿಲ್ಲ. ಶುಗರ್ ಕಡಿಮೆ, ಕೀಟೋನ್ ಹೆಚ್ಚು ಎಂಬ ವಿಚಿತ್ರ ಜೋಡಿ ಕಾಣಿಸುವುದೂ ಆಗಲೇ. ಮಗುವಿಗೆ ಪಿಷ್ಟ, ಸಕ್ಕರೆಯ ಅಂಶ ಸಾಲದೆ ದೇಹ ಕೊಬ್ಬನ್ನು ಉರಿಸುತ್ತಿದೆ ಎಂಬುದರ ಗುರುತು ಅದು. ಸಿಹಿ ದ್ರವ ಕೊಟ್ಟು, ಅದರ ಬಲದ ಮೇಲೆ ಇನ್ಸುಲಿನ್ ಮುಂದುವರಿಸಬೇಕು. ಮಧುಮೇಹದ ಮಗುವಿಗೆ ಸಕ್ಕರೆ ನೀರು ಕುಡಿಸುವುದೆಂದರೆ ತಾಯಂದಿರ ಕೈ ಹಿಂಜರಿಯುತ್ತದೆ. ಈ ಹೊತ್ತಿನಲ್ಲಿ ಅದೇ ಔಷಧ.

ಶುಗರ್ 70ಕ್ಕಿಂತ ಇಳಿದರೆ ಬೇರೆಲ್ಲ ಬಿಟ್ಟು ಮೊದಲು ಗ್ಲೂಕೋಸ್. ಶಾಲಾ ವಯಸ್ಸಿನ ಮಗುವಿಗೆ ಎರಡು ಮೂರು ಚಮಚ ಗ್ಲೂಕೋಸ್ ಪುಡಿಯೋ ಸಕ್ಕರೆಯೋ ನೀರಿನಲ್ಲಿ ಕದಡಿ ಕೊಟ್ಟು, ಹದಿನೈದು ನಿಮಿಷಕ್ಕೆ ಮತ್ತೆ ನೋಡಬೇಕು. ವಾಂತಿಯಾಗುತ್ತಿದ್ದರೆ ಗುಟುಕು ಗುಟುಕಾಗಿ ಕೊಡಬೇಕು. ಪ್ರಜ್ಞೆ ತಪ್ಪಿದ ಮಗುವಿನ ಬಾಯಿಗೆ ಏನನ್ನೂ ಹಾಕಬಾರದು. ಪಕ್ಕಕ್ಕೆ ಮಲಗಿಸಿ 108ಕ್ಕೆ ಕರೆ ಮಾಡಬೇಕು. ಗ್ಲುಕಗಾನ್ ಚುಚ್ಚುಮದ್ದು ಎಲ್ಲ ಮೆಡಿಕಲ್ ಶಾಪ್‌ಗಳಲ್ಲೂ ಸಿಗುವುದಿಲ್ಲ. ತರಿಸಿಟ್ಟುಕೊಂಡು, ಬಳಸುವುದನ್ನು ಡಾಕ್ಟರಿಂದ ಕಲಿತ ಮನೆಗಳಿಗೆ ಅದು ದೊಡ್ಡ ಆಸರೆ.

ಕುಡಿಸುವುದರಲ್ಲಿ ನಮ್ಮ ಅಡುಗೆಮನೆಗೆ ಬಡತನವಿಲ್ಲ. ಶುಗರ್ 250ರ ಮೇಲಿದ್ದರೆ ನೀರು, ಉಪ್ಪು ಹಾಕಿದ ನೀರು ಮಜ್ಜಿಗೆ, ಜೀರಿಗೆ ಕಷಾಯ, ಬೇಳೆಕಟ್ಟಿನ ತಿಳಿಸಾರು. ಕೆಳಗಿಳಿದರೆ ಗಂಜಿ, ರಾಗಿ ಅಂಬಲಿ, ಎಳನೀರು, ಹಣ್ಣಿನ ರಸ. ಒಂದು ಲೋಟ ಎಳನೀರಿನಲ್ಲಿ ಹತ್ತು ಗ್ರಾಂನ ಆಸುಪಾಸು ಸಕ್ಕರೆ ಇರುತ್ತದೆ. ವಾಂತಿಯ ಮಗುವಿಗೆ ಲೋಟದ ತುಂಬ ಕೊಟ್ಟರೆ ಎಲ್ಲವೂ ಹೊರಬರುತ್ತದೆ. ಐದೈದು ನಿಮಿಷಕ್ಕೆ ಒಂದೆರಡು ಚಮಚ, ಗಂಟೆಗಟ್ಟಲೆ, ಬೇಸರಿಸದೆ. ಮಕ್ಕಳ ವಾರ್ಡಿನ ದಾದಿಯರು ಮಾಡುವುದೂ ಇದನ್ನೇ.

ಒಆರ್‌ಎಸ್‌ನಲ್ಲಿ ಸಕ್ಕರೆ ಇದೆಯಲ್ಲ, ಕೊಡಬಹುದೇ ಎಂಬ ಪ್ರಶ್ನೆ ಸಹಜ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪೊಟ್ಟಣದಲ್ಲಿ ಒಂದು ಲೀಟರಿಗೆ ಇರುವುದು 13.5 ಗ್ರಾಂ ಗ್ಲೂಕೋಸ್. ಒಂದು ಲೋಟಕ್ಕೆ ಮೂರು ಗ್ರಾಂಗಿಂತ ಕಡಿಮೆ. ಕರುಳು ಉಪ್ಪನ್ನು ಹೀರಿಕೊಳ್ಳಲು ಅಷ್ಟು ಬೇಕೇ ಬೇಕು. ಧಾರಾಳವಾಗಿ ಕೊಡಬಹುದು. ಆದರೆ ಅಂಗಡಿಯ ಕಪಾಟಿನಲ್ಲಿ ಹಣ್ಣಿನ ಚಿತ್ರದ ಟೆಟ್ರಾ ಪ್ಯಾಕ್‌ಗಳು ಅದೇ ಹೆಸರು ಹೊತ್ತು ಕೂತಿದ್ದವು, ಅವುಗಳಲ್ಲಿ ಸಕ್ಕರೆ ಹಲವು ಪಟ್ಟು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ಭಾರತೀಯ ಆಹಾರ ಸುರಕ್ಷತೆ ಪ್ರಾಧಿಕಾರ ಇಂಥ ಪಾನೀಯಗಳ ಮೇಲೆ ಒಆರ್‌ಎಸ್ ಎಂಬ ಹೆಸರು ಹಾಕುವುದನ್ನು ತಡೆಯಿತು. ಆದರೂ ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿರುವ ಪುಡಿಯ ಪೊಟ್ಟಣವನ್ನೇ ಕೇಳಿ ಪಡೆಯಬೇಕು.

ಔಷಧಗಳ ಬಗ್ಗೆ ಸ್ವಲ್ಪ. ಜ್ವರಕ್ಕೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಸಾಕು. ಸಿರಪ್‌ನಲ್ಲಿ ಇರುವ ಒಂದು ಚಮಚ ಸಿಹಿಗೆ ಹೆದರಿ ಜ್ವರವನ್ನು ಹಾಗೇ ಬಿಡುವುದು ಬೇಡ. ವೀಸಿಂಗ್ ಬಂದು ಸ್ಟೆರಾಯ್ಡ್ ಬರೆದರೆ ಮಾತ್ರ ಶುಗರ್ ಜೋರಾಗಿ ಏರುತ್ತದೆ. ಮಧುಮೇಹದ ಡಾಕ್ಟರಿಗೂ ಅಂದೇ ತಿಳಿಸಬೇಕು. ತೋಳಿಗೆ ಸೆನ್ಸರ್ ಅಂಟಿಸಿಕೊಂಡ ಮಕ್ಕಳ ತಂದೆತಾಯಿ ಇನ್ನೊಂದು ಗಮನಿಸಬೇಕು. ಹೆಚ್ಚು ಪ್ರಮಾಣದ ವಿಟಮಿನ್ ಸಿ ಕೆಲವು ಸೆನ್ಸರ್‌ಗಳ ಅಂಕಿಯನ್ನು ಕೆಡಿಸುತ್ತದೆ, ಕೆಲವಕ್ಕೆ ಪ್ಯಾರಾಸಿಟಮಾಲ್ ಆಗದು. ಜ್ವರದ ದಿನ ಅಂಕಿ ಅನುಮಾನ ಹುಟ್ಟಿಸಿದರೆ ಬೆರಳಿನ ರಕ್ತವೇ ಪ್ರಮಾಣ.

ಡೆಂಗಿ ಎಂಬ ಮರೆ

ಪೂರ್ವ ಬೆಂಗಳೂರಿನಲ್ಲಿ ವೈರಲ್ ಜ್ವರದ ಮಾತು ಬಂದರೆ ಡೆಂಗಿಯನ್ನು ಬಿಟ್ಟು ಮಾತನಾಡುವಂತಿಲ್ಲ. ನಿರ್ಮಾಣ ನಡೆಯುತ್ತಿರುವ ಕಟ್ಟಡಗಳು, ನೀರಿನ ಅಭಾವಕ್ಕೆ ಹೆದರಿ ತುಂಬಿಟ್ಟ ಡ್ರಮ್ಮುಗಳು ಸೊಳ್ಳೆಗೆ ಹೇಳಿಮಾಡಿಸಿದ ಜಾಗ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದೇ ಅಧಿಸೂಚಿಸಿತು. ಮಧುಮೇಹದ ಮಗುವಿಗೆ ಇದರಲ್ಲಿ ಎರಡು ತೊಡಕು. ಒಂದು, ಡೆಂಗಿ ಅನುಮಾನವಿದ್ದಾಗ ಐಬುಪ್ರೊಫೆನ್, ಆಸ್ಪಿರಿನ್ ಕೊಡಬಾರದು, ರಕ್ತಸ್ರಾವದ ಅಪಾಯವಿದೆ. ಎರಡನೆಯದು ಇನ್ನೂ ಸೂಕ್ಷ್ಮ. ಹೊಟ್ಟೆನೋವು, ಬಿಡದ ವಾಂತಿ, ವಿಪರೀತ ಸುಸ್ತು ಡೆಂಗಿ ಕೆಡುತ್ತಿರುವುದರ ಲಕ್ಷಣಗಳು, ಕೀಟೋಅಸಿಡೋಸಿಸ್‌ನವೂ ಅವೇ. ಪ್ಲೇಟ್‌ಲೆಟ್ ಎಷ್ಟು ಎಂಬ ಚಿಂತೆಯಲ್ಲೇ ಎಲ್ಲರೂ ಮುಳುಗಿರುವಾಗ ಕೀಟೋನ್ ನೋಡುವುದು ಯಾರಿಗೂ ಹೊಳೆಯುವುದಿಲ್ಲ. ಎರಡನ್ನೂ ನೋಡಿಸಬೇಕು.

ಅಕ್ಕಪಕ್ಕದ ಕ್ಲಿನಿಕ್‌ನ ಡಾಕ್ಟರಿಗೆ ಇದು ತಕ್ಷಣ ಹೊಳೆಯದಿದ್ದರೆ ಅವರನ್ನು ದೂರುವಂತಿಲ್ಲ. 1995ರಿಂದ 2008ರವರೆಗಿನ ಕರ್ನಾಟಕ ಮಧುಮೇಹ ನೋಂದಣಿಯ ಪ್ರಕಾರ ವರ್ಷಕ್ಕೆ ಲಕ್ಷ ಗಂಡುಮಕ್ಕಳಲ್ಲಿ 3.7, ಹೆಣ್ಣುಮಕ್ಕಳಲ್ಲಿ 4 ಹೊಸ ಟೈಪ್ 1 ಪ್ರಕರಣಗಳು ಕಂಡವು. ದಿನಕ್ಕೆ ಹತ್ತಾರು ಜ್ವರದ ಮಕ್ಕಳನ್ನು ನೋಡುವವರಿಗೆ ಇಂಥ ಮಗು ಅಪರೂಪ. ಹಾಗಾಗಿ ಬಾಗಿಲಲ್ಲೇ ಹೇಳಬೇಕು: "ಮಗುವಿಗೆ ಟೈಪ್ 1 ಶುಗರ್ ಇದೆ ಡಾಕ್ಟ್ರೇ, ಮೊದಲು ಶುಗರ್, ಕೀಟೋನ್ ನೋಡಿ."

"ಒಂದು ಡ್ರಿಪ್ ಹಾಕಿಸಿಬಿಡೋಣ" ಎಂಬ ರೂಢಿಯೂ ನಮ್ಮಲ್ಲಿ ಗಟ್ಟಿಯಾಗಿದೆ. ಕೀಟೋಅಸಿಡೋಸಿಸ್‌ಗೆ ಹೋಗುತ್ತಿರುವ ಮಗುವಿಗೆ ಸಣ್ಣ ನರ್ಸಿಂಗ್ ಹೋಮ್‌ನ ಡ್ರಿಪ್ ಚಿಕಿತ್ಸೆಯಲ್ಲ. ಅದಕ್ಕೆ ರಕ್ತನಾಳದ ಮೂಲಕ ಲೆಕ್ಕ ಹಾಕಿ ಕೊಡುವ ಇನ್ಸುಲಿನ್ ಬೇಕು, ಪೊಟ್ಯಾಸಿಯಂ ಮೇಲೆ ಕಣ್ಣಿಡಬೇಕು, ದ್ರವವನ್ನು ಅಳೆದು ಕೊಡಬೇಕು. ಚಿಕಿತ್ಸೆಯ ಹೊತ್ತಿನಲ್ಲಿ ಮಿದುಳಿಗೆ ಬಾವು ಬರುವ ಅಪಾಯ ಮಕ್ಕಳಲ್ಲಿ ಇರುವುದರಿಂದ ಗಂಟೆ ಗಂಟೆಗೂ ನೋಡುವವರು ಬೇಕು. ಅಂದರೆ ಮಕ್ಕಳ ಐಸಿಯು ಇರುವ ಆಸ್ಪತ್ರೆ.

ಎಲ್ಲಿಗೆ ಹೋಗಬೇಕೆಂದು ಆರೋಗ್ಯವಾಗಿರುವ ದಿನವೇ ನಿರ್ಧರಿಸಿ. ಗರುಡಾಚಾರ್‌ಪಾಳ್ಯಕ್ಕೆ 2023ರ ಮಾರ್ಚ್‌ನಲ್ಲಿ ಮೆಟ್ರೊ ಬಂತು, ಅದೇ ವರ್ಷದ ಅಕ್ಟೋಬರ್‌ನಿಂದ ನೇರಳೆ ಮಾರ್ಗ ಚಲ್ಲಘಟ್ಟದವರೆಗೆ ಓಡುತ್ತಿದೆ; ಹಗಲಿನ ತಪಾಸಣೆಗೆ ಅದು ವರದಾನ. ನಡುರಾತ್ರಿ ಒಂದು ಗಂಟೆಗೆ ಮೆಟ್ರೊ ಇರುವುದಿಲ್ಲ, ಸಂಜೆ ಏಳಕ್ಕೆ ಹೂಡಿ ಕಡೆಗೋ ಟಿನ್ ಫ್ಯಾಕ್ಟರಿ ಕಡೆಗೋ ಹೊರಟ ಆಟೊ ಟ್ರಾಫಿಕ್‌ನಲ್ಲಿ ಮುಂದೆ ಹೋಗುವುದಿಲ್ಲ. ವೈಟ್‌ಫೀಲ್ಡಿನ ವೈದೇಹಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಒಂದು ದಿಕ್ಕಿಗೆ. ಶಿವಾಜಿನಗರದ ಬೌರಿಂಗ್ ಆಸ್ಪತ್ರೆ, ಕೋರಮಂಗಲದ ಸೇಂಟ್ ಜಾನ್ಸ್, ನಿಮ್ಹಾನ್ಸ್ ಬಳಿಯ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇನ್ನೊಂದು ದಿಕ್ಕಿಗೆ. ನಿಮ್ಮ ಮನೆಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ರಾತ್ರಿ ಹೊತ್ತೂ ಮಕ್ಕಳ ಐಸಿಯು ನಡೆಯುತ್ತದೆ ಎಂದು ಒಮ್ಮೆ ಹೋಗಿ ವಿಚಾರಿಸಿಕೊಂಡು ಬನ್ನಿ. ಹೊರಡಬೇಕಾದ ಹೊತ್ತು ಯಾವುದು? ವಾಂತಿ ಎರಡು ಗಂಟೆಯಾದರೂ ನಿಲ್ಲದಿದ್ದರೆ, ಉಸಿರು ಆಳವಾಗಿ ವೇಗವಾಗಿದ್ದರೆ, ಹೊಟ್ಟೆನೋವು ಜೋರಾದರೆ, ಮಗು ಮಂಪರಿನಲ್ಲಿದ್ದರೆ, ಎರಡು ಬಾರಿ ಹೆಚ್ಚುವರಿ ಇನ್ಸುಲಿನ್ ಕೊಟ್ಟರೂ ಕೀಟೋನ್ ಇಳಿಯದಿದ್ದರೆ, ಶುಗರ್ ಪದೇ ಪದೇ 70ರ ಕೆಳಗೆ ಹೋಗುತ್ತಿದ್ದರೆ, ಆರೆಂಟು ಗಂಟೆ ಮೂತ್ರವೇ ಆಗದಿದ್ದರೆ. ಐದು ವರ್ಷದ ಒಳಗಿನ ಮಗುವಾದರೆ ಇಷ್ಟಕ್ಕೂ ಕಾಯಬಾರದು.

ಮಧುಮೇಹ ಇದೆಯೆಂದೇ ಗೊತ್ತಿಲ್ಲದ ಮಕ್ಕಳ ಮಾತೂ ಇಲ್ಲಿ ಬರಬೇಕು. ಬೆಂಗಳೂರಿನ ಡಾ. ಎಸ್. ಶ್ರೀಕಾಂತ ಅವರು ಅಮೆರಿಕದ ಬೋಸ್ಟನ್‌ನ ಜಾಸ್ಲಿನ್ ಕೇಂದ್ರದಲ್ಲಿದ್ದಾಗ ಅವಳಿ ತ್ರಿವಳಿಗಳ ಮೇಲೆ ನಡೆಸಿದ, 1983ರಲ್ಲಿ ಪ್ರಕಟವಾದ ಅಧ್ಯಯನ ಒಂದು ಮುಖ್ಯ ಸಂಗತಿಯನ್ನು ತೋರಿಸಿತು: ಟೈಪ್ 1 ಒಂದೇ ದಿನದಲ್ಲಿ ಬರುವುದಲ್ಲ, ಇನ್ಸುಲಿನ್ ಮಾಡುವ ಕೋಶಗಳು ವರ್ಷಗಳಿಂದ ಸದ್ದಿಲ್ಲದೆ ನಶಿಸುತ್ತ ಬಂದಿರುತ್ತವೆ. ಅಷ್ಟರಲ್ಲಿ ಒಂದು ಜ್ವರ ಬಂದು ದೇಹ ಹೆಚ್ಚು ಇನ್ಸುಲಿನ್ ಕೇಳಿದಾಗ ಉಳಿದ ಕೋಶಗಳಿಗೆ ಪೂರೈಸಲಾಗುವುದಿಲ್ಲ. ಹೀಗೆ ವೈರಲ್ ಜ್ವರದ ಮರೆಯಲ್ಲೇ ಮಧುಮೇಹ ಮೊದಲ ಬಾರಿ ಹೊರಬೀಳುವುದುಂಟು. ಜ್ವರದ ಮಗು ನೀರಿಗಾಗಿ ಹಂಬಲಿಸುತ್ತ, ಸುಸ್ತಾಗಿದ್ದರೂ ಮೇಲಿಂದ ಮೇಲೆ ಮೂತ್ರಕ್ಕೆ ಹೋಗುತ್ತಿದ್ದರೆ, ಹಾಸಿಗೆ ಒದ್ದೆ ಮಾಡುವುದು ಬಿಟ್ಟ ಮಗು ಮತ್ತೆ ಶುರುಮಾಡಿದ್ದರೆ, ಒಂದು ಹನಿ ರಕ್ತದಲ್ಲಿ ಶುಗರ್ ನೋಡಿಸಲು ಐದು ನಿಮಿಷ ಸಾಕು.

ಮೊದಲೇ ಜೋಡಿಸಿಡುವುದು

ಜ್ವರ ಬರುವ ಮೊದಲೇ ಒಂದು ಡಬ್ಬಿ ಸಿದ್ಧವಿರಲಿ. ಶುಗರ್ ಸ್ಟ್ರಿಪ್, ಅವಧಿ ಮೀರದ ಕೀಟೋನ್ ಸ್ಟ್ರಿಪ್, ಥರ್ಮಾಮೀಟರ್, ಒಆರ್‌ಎಸ್, ಗ್ಲೂಕೋಸ್, ಪ್ಯಾರಾಸಿಟಮಾಲ್, ಮೀಟರಿನ ಬ್ಯಾಟರಿ. ಎಲ್ಲಕ್ಕಿಂತ ಮುಖ್ಯ, ಡಾಕ್ಟರ್ ಕೈಯಿಂದ ಬರೆಸಿಕೊಂಡ ಒಂದು ಹಾಳೆ. ಮಗುವಿನ ತೂಕ, ದಿನದ ಒಟ್ಟು ಇನ್ಸುಲಿನ್, ಯಾವ ಅಂಕಿಗೆ ಎಷ್ಟು ಹೆಚ್ಚು, ಯಾರಿಗೆ ಫೋನ್. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಟ್ಟರೆ ತಾಯಿ ಕೆಲಸದಲ್ಲಿದ್ದಾಗ ಅಜ್ಜಿಯೂ ಓದಬಲ್ಲಳು. ಅಜ್ಜಿಗೆ ಕನ್ನಡದಲ್ಲೇ ಓದಲು ಬರುವುದಾದರೆ ಹಾಳೆ ಕನ್ನಡದಲ್ಲೇ ಇರಲಿ. ಡಾಕ್ಟರನ್ನು ಕೇಳಲು ಸಂಕೋಚ ಬೇಡ. ಇನ್ಸುಲಿನ್ ಇಟ್ಟ ಬಗೆಯನ್ನೂ ಗಮನಿಸಬೇಕು: ವಿಪರೀತ ಬಿಸಿ ತಗಲಿದ, ಅಥವಾ ಫ್ರೀಜರಿನ ಪಕ್ಕ ಗಡ್ಡೆಕಟ್ಟಿದ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಕೊಟ್ಟ ಡೋಸ್ ನಾಟದಿದ್ದರೆ ಹೊಸ ಬಾಟಲಿ ತೆರೆಯಬೇಕು.

ಹಾಳೆಯ ಒಂದು ಪ್ರತಿ ಶಾಲೆಯಲ್ಲೂ ಇರಬೇಕು. ಮಧುಮೇಹವಿರುವ ಮಕ್ಕಳಿಗೆ ತರಗತಿಯಲ್ಲಿ, ಪರೀಕ್ಷೆಯಲ್ಲಿ ಶುಗರ್ ನೋಡಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ಏನಾದರೂ ತಿನ್ನಲು ಅವಕಾಶ ಕೊಡಬೇಕೆಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲಿ ರಾಜ್ಯಗಳಿಗೆ ಬರೆದಿದೆ. ಮಗುವಿಗೆ ಮೈ ಬಿಸಿಯಾದರೆ, ವಾಂತಿಯಾದರೆ ಸಂಜೆಯ ವ್ಯಾನ್ ಬರುವವರೆಗೆ ಮಲಗಿಸದೆ ಕೂಡಲೇ ಮನೆಗೆ ಫೋನ್ ಮಾಡಲು ಟೀಚರಿಗೆ ಹೇಳಿಡಬೇಕು.

ಜ್ವರ ಬಿಟ್ಟ ಮೇಲೂ ಶುಗರ್ ಕೆಲವು ದಿನ ಹದಕ್ಕೆ ಬರುವುದಿಲ್ಲ. ಹೆಚ್ಚಿಸಿದ ಇನ್ಸುಲಿನ್ ಹಾಗೇ ಮುಂದುವರಿದರೆ, ಮಗು ಆಟಕ್ಕೆ ಇಳಿದ ಮೊದಲ ದಿನವೇ ಶುಗರ್ ಕುಸಿಯಬಹುದು. ಡೋಸ್ ಇಳಿಸುವುದು ಯಾವಾಗ ಎಂದು ಡಾಕ್ಟರನ್ನು ಕೇಳಿಕೊಂಡು, ಆ ವಾರ ರಾತ್ರಿ ಎರಡು ಮೂರು ಗಂಟೆಗೊಮ್ಮೆ ಬೆರಳು ಚುಚ್ಚಿ ನೋಡುವುದನ್ನು ಮುಂದುವರಿಸುವುದು ಒಳ್ಳೆಯದು. ಡಬ್ಬಿಯಲ್ಲಿ ಖರ್ಚಾದ ಸ್ಟ್ರಿಪ್‌ಗಳನ್ನು ತುಂಬಿಸಲು ಮೆಡಿಕಲ್ ಶಾಪ್‌ಗೆ ಹೋದಾಗಲೇ ಫ್ಲೂ ಲಸಿಕೆಯ ವಿಚಾರವನ್ನೂ ಕೇಳಬಹುದು. ಆರು ತಿಂಗಳು ದಾಟಿದ ಮಕ್ಕಳಿಗೆ ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ ಹಾಕಿಸುವ ಆ ಲಸಿಕೆಯನ್ನು ಮಧುಮೇಹವಿರುವ ಮಕ್ಕಳಿಗೆ ವೈದ್ಯರು ವಿಶೇಷವಾಗಿ ಶಿಫಾರಸು ಮಾಡುತ್ತಾರೆ.